ಏರಿಯಿಲ್ಲದ ಕೆರೆಗಳ ನಾಡು

ನಮ್ಮ ನಾಡಿನಲ್ಲಿ ಕೆರೆಯೆಂದರೆ ಅದಕ್ಕೊಂದು ಏರಿ ಇರಬೇಕು, ತೂಬು ಇರಬೇಕು, ಕೋಡಿ ಇರಬೇಕು. ಏರಿಯ ಮೇಲೊಂದು ಗುಡಿಯೋ, ಕಟ್ಟಿಸಿದ ಪುಣ್ಯಾತ್ಮನ ಹೆಸರು ಹೊತ್ತ ಶಾಸನದ ಕಲ್ಲೋ ಇದ್ದರೆ ಮತ್ತಷ್ಟು ಶೋಭೆ. ಕರ್ನಾಟಕದಲ್ಲಿ 36,000ಕ್ಕೂ ಮಿಕ್ಕಿ ಕೆರೆಗಳುಂಟೆಂದು ಲೆಕ್ಕ ಹಾಕಿದ್ದಾರೆ. ಇವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಮನುಷ್ಯನು ಮಣ್ಣು ಹೊತ್ತು ಕಟ್ಟಿದವೇ ಹೊರತು ತಾವಾಗಿಯೇ ಆದವುಗಳಲ್ಲ. ಚನ್ನಗಿರಿಯ ಬಳಿಯ ಶಾಂತಿಸಾಗರದಂತಹ ವಿಸ್ತಾರವಾದ ಜಲರಾಶಿಯೂ ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯೊಂದನ್ನು ಏರಿಯಿಂದ ಮುಚ್ಚಿದ್ದರ ಫಲವೇ ಆಗಿದೆ.

ಯುರೋಪಿನ ಉತ್ತರಭಾಗದಲ್ಲಿರುವ ಫಿನ್ಲೆಂಡ್ ದೇಶದ ಸಂಗತಿಯೇ ಬೇರೆ. 500 ಚದರ ಮೀಟರಿಗಿಂತ ಚಿಕ್ಕದಾದ ಹೊಂಡಗಳನ್ನು ಬಿಟ್ಟು ಎಣಿಸಿದರೂ ಅಲ್ಲಿ 1,87,888 ಸರೋವರಗಳಿವೆ. ಈಚೆಗೆ ವಿದ್ಯುತ್ತಿಗಾಗಿ ಕಟ್ಟಿದ ಕೆಲವು ಜಲಾಶಯಗಳನ್ನು ಬಿಟ್ಟರೆ ಇವುಗಳಿಗೆ ಯಾವ ಅರಸನೂ ಏರಿ ಹಾಕಿಸಲಿಲ್ಲ. ಯಾವ ಒಡ್ಡನೂ ಬುಟ್ಟಿ ಮಣ್ಣು ಹೊರಲಿಲ್ಲ. ದೇಶದ ವಿಸ್ತೀರ್ಣದಲ್ಲಿ ಹತ್ತರಲ್ಲೊಂದು ಪಾಲು ನೀರೇ. ನೆಲದ ನಾಲ್ಕರಲ್ಲಿ ಮೂರು ಪಾಲು ಕಾಡು. ಕರ್ನಾಟಕಕ್ಕಿಂತ ಒಂದೂಮುಕ್ಕಾಲು ಪಾಲು ದೊಡ್ಡದಾದ ಈ ದೇಶದಲ್ಲಿ ವಾಸಿಸುವವರು 56 ಲಕ್ಷ ಜನ ಮಾತ್ರ. ಅಲ್ಲಿನ ಸರೋವರ ಪ್ರಾಂತದ ನೀರವತೆ ಲೋಕಪ್ರಸಿದ್ಧವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಆಶ್ಚರ್ಯವಿರುವುದು ಬೇರೊಂದು ವಿಷಯದಲ್ಲಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯನ್ನು ನೋಡದ ವಿದ್ಯಾರ್ಥಿಗಳು ವಿರಳ. ಅದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆ. ಫಿನ್ಲೆಂಡಿನ ತಳಪಾಯವೂ ಇದೇ ಜಾತಿಯದು. ಆ ದೇಶದ ಪೂರ್ವಭಾಗದಲ್ಲಿ 250 ಕೋಟಿ ವರ್ಷಗಳಿಗೂ ಮಿಕ್ಕ ವಯಸ್ಸಿನ ನೈಸ್ ಶಿಲೆಯಿದೆ; ಸರೋವರಗಳು ದಟ್ಟವಾಗಿರುವೆಡೆಯಲ್ಲಿ ಸುಮಾರು 190 ಕೋಟಿ ವರ್ಷಗಳ ಗ್ರಾನೈಟು ಮುಂತಾದ ಶಿಲೆಗಳಿವೆ. ಎರಡೂ ನಾಡುಗಳು ಭೂಮಿಯ ಮುದಿ ಹಲಗೆಗಳ ಮೇಲೆ ಕುಳಿತವುಗಳೇ. ಹೀಗಿರುವಾಗ ಒಂದು ಕಡೆ ಹಳ್ಳಹಳ್ಳಕ್ಕೂ ಕಟ್ಟೆ ಕಟ್ಟಿ ನೀರನ್ನು ಬೇಡಿ ನಿಲ್ಲಿಸಿಕೊಳ್ಳಬೇಕಾಯಿತು. ಇನ್ನೊಂದು ಕಡೆ ನೀರು ಬೇಡದೆಯೇ ಬಂದು ಲಕ್ಷಗಟ್ಟಲೆ ತಾವುಗಳಲ್ಲಿ ನಿಂತಿತು. ಇದೇಕೆ?

ಮಳೆ ಕಾರಣವೆಂದು ಹೇಳುವಂತಿಲ್ಲ. ನಮ್ಮ ಮಲೆನಾಡಿನ ಆಗುಂಬೆಯಲ್ಲಿ ಬೀಳುವ ಮಳೆಯ ಹತ್ತರಲ್ಲೊಂದು ಪಾಲೂ ಫಿನ್ಲೆಂಡಿನಲ್ಲಿ ಬೀಳುವುದಿಲ್ಲ. ಆದರೂ ಆಗುಂಬೆಯ ಸುತ್ತ ಸಹಜ ಸರೋವರಗಳಿಲ್ಲ. ಉತ್ತರವನ್ನು ಹುಡುಕಬೇಕಾದರೆ ಆ ನಾಡಿನೊಳಗೊಂದು ಸುತ್ತು ಹೋಗಿಬರುವುದೇ ಲೇಸು.

ನೀರಿನ ಹಾದಿ

ದೇಶದ ಆಗ್ನೇಯದಲ್ಲಿರುವ ಸೈಮಾ ಸರೋವರವೇ ಅಲ್ಲಿನವುಗಳಲ್ಲೆಲ್ಲ ದೊಡ್ಡದು. ಯುರೋಪಿನ ಸಹಜ ಸರೋವರಗಳಲ್ಲಿ ಇದಕ್ಕೆ ನಾಲ್ಕನೆಯ ಸ್ಥಾನ. ವಿಸ್ತೀರ್ಣ ಸುಮಾರು 4,400 ಚದರ ಕಿಲೋಮೀಟರು. ನೀರಿನ ಮಟ್ಟ ಸಮುದ್ರದಿಂದ 76 ಮೀಟರು ಎತ್ತರ. ಆದರೆ ಸೈಮಾ ಎಂಬುದು ಒಂದು ಸರೋವರವೆಂದು ನಕಾಶೆಯನ್ನು ನೋಡಿದವನು ಸುಲಭವಾಗಿ ಒಪ್ಪಲಾರ. ಕನ್ನಡಿಯೊಂದನ್ನು ಕಲ್ಲಿನ ಮೇಲೆ ಬೀಳಿಸಿದರೆ ಚೂರುಗಳು ಹೇಗೆ ಚೆದುರುತ್ತವೆಯೋ ಹಾಗೆ ನೀರು ಚೆದುರಿಕೊಂಡಿದೆ. ಚೂರುಗಳ ನಡುವೆ ಇಕ್ಕಟ್ಟಾದ ಕಾಲುವೆಗಳು ಸಂದು ಬೆಸೆದಿವೆ. ಅದರಲ್ಲಿ 13,000ಕ್ಕೂ ಹೆಚ್ಚು ದ್ವೀಪಗಳಿವೆ. ದ್ವೀಪಗಳ ಅಂಚನ್ನೂ ಸೇರಿಸಿ ದಡದ ಉದ್ದವನ್ನು ಅಳೆದರೆ ಅದು 14,000 ಕಿಲೋಮೀಟರುಗಳನ್ನು ದಾಟುತ್ತದೆ. ಭೂಗೋಳದ ವ್ಯಾಸವೇ 12,742 ಕಿಲೋಮೀಟರು ಎಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥ ಮನಸ್ಸಿಗೆ ತಟ್ಟೀತು.

ದಕ್ಷಿಣದ ದಡದ ಲಪ್ಪೇನ್ರಾಂತಾ ಪಟ್ಟಣದಿಂದ ಉತ್ತರದ ಸಾವೊನ್ಲಿನ್ನಾ ಪಟ್ಟಣದ ಕಡೆಗೆ ಜೂನ್ ತಿಂಗಳಲ್ಲಿ ದೋಣಿಯಲ್ಲಿ ಹೊರಟ ಪ್ರಯಾಣಿಕನಿಗೆ ಮೊದಲು ಎದುರಾಗುವ ತೊಡಕು ಇರುಳಿನದು. 61ನೆಯ ಅಕ್ಷಾಂಶವನ್ನು ದಾಟಿದ ಆ ಪ್ರದೇಶದಲ್ಲಿ ಆಗ ಹಗಲು ಸುಮಾರು ಹತ್ತೊಂಬತ್ತು ಗಂಟೆಗಳಷ್ಟು ಇರುತ್ತದೆ. ಉಳಿದ ಐದು ಗಂಟೆಗಳೂ ಮುಸ್ಸಂಜೆಯೇ ಹೊರತು ಕತ್ತಲೆಯಲ್ಲ. ಎಡಬಲಗಳಲ್ಲಿ ಪೈನ್, ಸ್ಪ್ರೂಸ್, ಬರ್ಚ್ ಮರಗಳ ಕಾಡು ನೀರಿನ ಅಂಚಿನವರೆಗೂ ಇಳಿದು ಬಂದಿರುತ್ತದೆ. ಪಶ್ಚಿಮಘಟ್ಟದ ಕಾಡಿನಲ್ಲಿ ಒಂದು ಎಕರೆಯೊಳಗೆ ಎಣಿಸಬಹುದಾದಷ್ಟು ಜಾತಿಯ ಮರಗಳು ಈ ಇಡೀ ಪ್ರಾಂತದಲ್ಲಿಯೂ ಸಿಕ್ಕಲಾರವು. ಹಿಮ ಸರಿದು ಹೋಗಿ ಇನ್ನೂ ಹೆಚ್ಚು ಕಾಲವಾಗದ ನೆಲಕ್ಕೆ ಚಳಿಯನ್ನು ತಾಳಬಲ್ಲ ಕೆಲವೇ ಜಾತಿಗಳು ಮರಳಿ ಬಂದುವಷ್ಟೆ. ಕಾಡಿನ ಮೌನವನ್ನು ಆಗಾಗ ಕಲಕುವುದು ಕಪ್ಪು ಕೊರಳಿನ ಮುಳುಗುಹಕ್ಕಿಯ ಕೂಗು. ಅದನ್ನು ಮೊದಲ ಸಲ ಕೇಳಿದವರು ಯಾರೋ ಅಳುತ್ತಿರುವರೆಂದು ಬೆಚ್ಚುವುದುಂಟು.

ನೀರಿನ ಬಣ್ಣವನ್ನೂ ಗಮನಿಸಬೇಕು. ಹಲವು ಕಡೆ ಅದು ಹಾಲು ಹಾಕದ ಚಹದಂತೆ ಕಂದಾಗಿದೆ. ಕೊಳಕೆಂದು ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ. ಜವುಗು ನೆಲದಲ್ಲಿ ಅರೆಕೊಳೆತ ಗಿಡಗಂಟಿಗಳ ಮೂಲಕ ಇಳಿದು ಬರುವ ನೀರು ಹ್ಯೂಮಸ್ ಪದಾರ್ಥಗಳನ್ನು ಕರಗಿಸಿಕೊಂಡು ತರುವುದರಿಂದ ಬಂದ ಬಣ್ಣ ಅದು. ಸುತ್ತಣ ಜವುಗು ಕಡಿಮೆಯಿರುವ ಪುರುವೇಸಿ ಎಂಬ ಭಾಗದಲ್ಲಾದರೋ ನೀರು ಸ್ಫಟಿಕದಂತೆ ತಿಳಿಯಾಗಿದೆ. ಒಂದೇ ಸರೋವರದ ಎರಡು ಕೋಣೆಗಳಲ್ಲಿ ಎರಡು ಬಗೆಯ ನೀರು!

ಸಾವೊನ್ಲಿನ್ನಾದಲ್ಲಿ 1475ರಲ್ಲಿ ಕಟ್ಟಲಾರಂಭಿಸಿದ ಓಲಾವಿನ್ಲಿನ್ನಾ ಕೋಟೆಯಿದೆ; ಅದರ ಅಂಗಳದಲ್ಲಿ 1912ರಲ್ಲಿ ಮೊದಲಾದ ಸಂಗೀತನಾಟಕೋತ್ಸವವೂ ಇದೆ. ಪ್ರವಾಸಿಗಳು ಇವೆರಡನ್ನು ನೋಡಿ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ನಾವು ಕೋಟೆಯನ್ನು ಬಿಟ್ಟು ಅದರ ಕೆಳಗಿನ ಬಂಡೆಯನ್ನು ನೋಡೋಣ.

ಬಂಡೆಯ ಮೇಲಿನ ಬರಹ

ಸೈಮಾದ ದಡದ ಬಂಡೆಗಳನ್ನು ಕೈಯಿಂದ ಸವರಿ ನೋಡಿದರೆ ಒಂದು ವಿಶೇಷ ತಿಳಿಯುತ್ತದೆ. ವಾಯವ್ಯದ ಕಡೆಗಿರುವ ಮೈ ಒರಳುಕಲ್ಲಿನಂತೆ ನುಣುಪಾಗಿದೆ. ಆಗ್ನೇಯದ ಕಡೆಗಿರುವ ಮೈ ಮುರಿದು ಕಿತ್ತಂತೆ ಒರಟಾಗಿದೆ. ನುಣುಪಾದ ಮೈಯ ಮೇಲೆ ಉಳಿಯಿಂದ ಎಳೆದಂತಹ ಸಮಾಂತರ ಗೀರುಗಳು. ನಕಾಶೆಯನ್ನು ಬಿಡಿಸಿದರೆ ಉದ್ದುದ್ದನೆಯ ಕೊಲ್ಲಿಗಳೂ ದ್ವೀಪಗಳೂ ಸಾಮಾನ್ಯವಾಗಿ ಅದೇ ವಾಯವ್ಯ–ಆಗ್ನೇಯ ದಿಕ್ಕಿಗೆ ಮಲಗಿರುವುದು ಕಾಣುತ್ತದೆ. ಇಡೀ ನಾಡನ್ನು ಯಾವುದೋ ದೈತ್ಯ ಹಣಿಗೆಯಿಂದ ಒಮ್ಮುಖವಾಗಿ ಬಾಚಿದಂತಿದೆ.

ಅಲ್ಲಿನ ಹಿಂದಿನ ಜನ ಇದನ್ನು ರಾಕ್ಷಸರ ಕೆಲಸವೆಂದೇ ತಿಳಿದಿದ್ದರು. ಬಂಡೆಯಲ್ಲಿ ಕೊರೆದಂತಿರುವ ದುಂಡನೆಯ ಕುಳಿಗಳಿಗೆ ಫಿನ್ನಿಷ್ ಭಾಷೆಯಲ್ಲಿ ಇಂದಿಗೂ ‘ರಾಕ್ಷಸನ ಕಡೆಗೋಲು ಗಡಿಗೆ’ ಎಂಬ ಅರ್ಥದ ಹೆಸರೇ ಇದೆ. ನಮ್ಮ ಹಳ್ಳಿಗಳಲ್ಲಿ ಬಂಡೆಯ ಮೇಲಿನ ಗುಳಿಯನ್ನು ಭೀಮನ ಹೆಜ್ಜೆಯೆಂದು ತೋರಿಸುವವರು ಇದನ್ನು ಕೇಳಿ ನಗಬೇಕಾದುದಿಲ್ಲ. ಪಂಡಿತರೂ ಬಹುಕಾಲ ಇದಕ್ಕಿಂತ ಉತ್ತಮವಾದ ವಿವರಣೆಯನ್ನು ಕೊಡಲಿಲ್ಲ. ಒಂದು ಮಹಾಪ್ರಳಯವು ಬಂಡೆಗಳನ್ನು ಉರುಳಿಸಿಕೊಂಡು ಬಂದಿತೆಂದೋ, ತೇಲುವ ಹಿಮಬಂಡೆಗಳು ಅವುಗಳನ್ನು ತಂದು ಹಾಕಿದುವೆಂದೋ ಹೇಳುತ್ತಿದ್ದರು. ಆಲ್ಪ್ಸ್ ಪರ್ವತಗಳ ಹಿಮನದಿಗಳನ್ನು ಅಭ್ಯಾಸ ಮಾಡಿದ ಲೂಯಿ ಅಗಾಸಿಜ಼್ ಎಂಬ ವಿಜ್ಞಾನಿ 1840ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಕಾಲಕ್ಕೆ ಹಿಮವು ಇಂದಿಗಿಂತ ಎಷ್ಟೋ ವಿಶಾಲವಾಗಿ ಹಬ್ಬಿತ್ತೆಂದು ವಾದಿಸಿದನು. 1875ರಲ್ಲಿ ಸ್ವೀಡನ್ನಿನ ಒಟ್ಟೊ ಟೊರೆಲ್ ಬರ್ಲಿನ್ ನಗರದ ಸಮೀಪದ ಸುಣ್ಣಕಲ್ಲಿನ ಮೇಲೂ ಅಂತಹದೇ ಗೀರುಗಳನ್ನು ತೋರಿಸಿ, ಸ್ಕ್ಯಾಂಡಿನೇವಿಯಾದಿಂದ ಹೊರಟ ಹಿಮವು ಅಲ್ಲಿಯವರೆಗೆ ನಡೆದು ಬಂದಿತ್ತೆಂದು ಹೇಳಿದ ಮೇಲೆ ಸಂಶಯಕ್ಕೆ ಎಡೆಯುಳಿಯಲಿಲ್ಲ.

ಸುಮಾರು 20,000 ವರ್ಷಗಳ ಹಿಂದೆ ಉತ್ತರ ಯುರೋಪನ್ನು ಮುಚ್ಚಿದ್ದ ಆ ಹಿಮಕವಚದ ದಪ್ಪ ನಡುಭಾಗದಲ್ಲಿ ಮೂರು ಕಿಲೋಮೀಟರುಗಳಷ್ಟಿತ್ತು. ಹಿಮವು ಘನಪದಾರ್ಥವಾದರೂ ಅಷ್ಟು ದಪ್ಪವಾದಾಗ ತನ್ನ ತೂಕದಿಂದಲೇ ಗಟ್ಟಿಯಾದ ಪಾಕದಂತೆ ಮೆಲ್ಲಗೆ ಹರಿಯುತ್ತದೆ. ಬರಿಯ ಹಿಮ ಗ್ರಾನೈಟನ್ನು ಕೊರೆಯಲಾರದು. ಅದರ ತಳದಲ್ಲಿ ಹೆಪ್ಪುಗಟ್ಟಿ ಸಿಕ್ಕಿಕೊಂಡ ಕಲ್ಲುಗಳೇ ಉಳಿಗಳು. ಶಿಲೆ ಎಲ್ಲೆಲ್ಲಿ ಬಿರುಕುಬಿಟ್ಟು ದುರ್ಬಲವಾಗಿತ್ತೋ ಅಲ್ಲಲ್ಲಿ ಅದು ಕಿತ್ತು ತೊಟ್ಟಿ ಮಾಡಿತು. ಎಲ್ಲೆಲ್ಲಿ ಗಟ್ಟಿಯಾಗಿತ್ತೋ ಅಲ್ಲಲ್ಲಿ ನಯಮಾಡಿ ಬಿಟ್ಟುಹೋಯಿತು. ತೊಟ್ಟಿಗಳು ಸರೋವರಗಳಾದುವು, ನಯವಾದ ಬೆನ್ನುಗಳು ದ್ವೀಪಗಳಾದುವು.

ಈಗ ನಮ್ಮ ಮೊದಲ ಪ್ರಶ್ನೆಗೆ ಮರಳಬಹುದು. ಸರೋವರವೆಂಬುದು ಭೂಮಿಯ ಮುಖದ ಮೇಲೆ ಬಹುಕಾಲ ಉಳಿಯುವ ವಸ್ತುವಲ್ಲ. ಒಳಗೆ ಬರುವ ಹೊಳೆ ಮಣ್ಣು ತಂದು ಅದನ್ನು ತುಂಬುತ್ತದೆ. ಹೊರಗೆ ಹೋಗುವ ಹೊಳೆ ಅಂಚನ್ನು ಕೊರೆದು ಅದನ್ನು ಬರಿದುಮಾಡುತ್ತದೆ. ಒಂದು ನಾಡಿನ ನದಿಗಳಿಗೆ ಕೋಟಿಗಟ್ಟಲೆ ವರ್ಷಗಳ ಅವಕಾಶ ಸಿಕ್ಕಿದರೆ ಅವು ತಗ್ಗುಗಳನ್ನೆಲ್ಲ ತುಂಬಿ, ದಿಬ್ಬಗಳನ್ನೆಲ್ಲ ಕತ್ತರಿಸಿ, ಬಿದ್ದ ಮಳೆ ನೇರವಾಗಿ ಕಡಲಿಗೆ ಹೋಗುವಂತೆ ಇಳಿಜಾರಿನ ಹಾದಿಯನ್ನು ಮಾಡಿಕೊಳ್ಳುತ್ತವೆ. ಕಾವೇರಿ ಕೃಷ್ಣೆಗಳ ಬಳಗ ದಕ್ಷಿಣ ಪ್ರಸ್ಥಭೂಮಿಯಲ್ಲಿ ಈ ಕೆಲಸವನ್ನು ಎಂದೋ ಮುಗಿಸಿಬಿಟ್ಟಿದೆ. ಆದ್ದರಿಂದಲೇ ನೀರನ್ನು ತಡೆಯಲು ನಮಗೆ ಏರಿ ಬೇಕಾಯಿತು. ಫಿನ್ಲೆಂಡಿನ ಶಿಲೆ ಮುದಿಯಾದರೂ ಅದರ ಮೇಲ್ಮೈ ಎಳೆಯದು. ಹಿಮ ಸರಿದು ಕೇವಲ ಹತ್ತು ಹನ್ನೆರಡು ಸಾವಿರ ವರ್ಷಗಳಾದುವು. ಅಲ್ಲಿನ ನದಿಗಳಿಗೆ ದಾರಿಯೇ ಇನ್ನೂ ಸರಿಯಾಗಿ ತಿಳಿದಿಲ್ಲ. ತೊಟ್ಟಿಯಿಂದ ತೊಟ್ಟಿಗೆ ತುಳುಕುತ್ತ ತಡವರಿಸುತ್ತಿವೆ.

ಭಾರತದಲ್ಲಿಯೂ ಹಿಮಯುಗದ ಗುರುತು ಇಲ್ಲದಿಲ್ಲ. ಒಡಿಶಾದ ತಾಲ್ಚೇರಿನ ಬಳಿಯ ಗುಂಡುಕಲ್ಲಿನ ಸ್ತರಗಳು ಹಿಮವು ತಂದು ಹಾಕಿದವೆಂದು 1856ರಷ್ಟು ಹಿಂದೆಯೇ ಭೂಗರ್ಭಶಾಸ್ತ್ರಜ್ಞರು ಗುರುತಿಸಿದರು. ಆದರೆ ಅದು ನಡೆದು ಸುಮಾರು 30 ಕೋಟಿ ವರ್ಷಗಳಾದುವು. ಆಗ ಅಲ್ಲಿ ಉಂಟಾಗಿದ್ದ ಸರೋವರಗಳು ತುಂಬಿ, ಬತ್ತಿ, ಕಲ್ಲಾಗಿ ಹೋಗಿವೆ.

ಫಿನ್ಲೆಂಡಿನ ಸರೋವರಗಳೂ ಆ ಹಾದಿಯನ್ನು ಹಿಡಿದಿವೆ. ಕಾಡಿನೊಳಗಿನ ಚಿಕ್ಕ ಕೊಳಗಳ ಅಂಚಿನಲ್ಲಿ ಸ್ಫ್ಯಾಗ್ನಮ್ ಎಂಬ ಹಾವಸೆ ತೇಲುವ ಚಾಪೆಯಂತೆ ಬೆಳೆದು ವರ್ಷವರ್ಷಕ್ಕೂ ಒಳಕ್ಕೆ ಒತ್ತಿಬರುತ್ತದೆ. ಸತ್ತ ಭಾಗ ಆಮ್ಲೀಯವಾದ ತಣ್ಣೀರಿನಲ್ಲಿ ಕೊಳೆಯದೆ ತಳ ಸೇರಿ ಪೀಟ್ ಆಗುತ್ತದೆ. ಆ ದೇಶದ ನೆಲದ ಸುಮಾರು ಮೂರನೆಯ ಒಂದು ಪಾಲು ಒಂದು ಕಾಲಕ್ಕೆ ಇಂತಹ ಜವುಗಾಗಿತ್ತು. ಅದರ ಅರ್ಧಕ್ಕೂ ಹೆಚ್ಚನ್ನು ಮನುಷ್ಯನು ಕಾಲುವೆ ತೋಡಿ ಒಣಗಿಸಿ ಮರ ಬೆಳೆಸಿದನು.

ಹಿಮವು ಕಟ್ಟಿದ ಏರಿ

ಏರಿಯಿಲ್ಲದ ಕೆರೆಗಳೆಂದು ಮೇಲೆ ಹೇಳಿದುದಕ್ಕೆ ಒಂದು ತಿದ್ದುಪಡಿ ಬೇಕು. ಸೈಮಾದ ದಕ್ಷಿಣಕ್ಕೆ ಒಂದು ಏರಿ ಇದೆ. ಅದನ್ನು ಕಟ್ಟಿದುದೂ ಹಿಮವೇ.

ಹಿಮಕವಚವು ಕರಗುತ್ತ ವಾಯವ್ಯಕ್ಕೆ ಹಿಂಜರಿಯುತ್ತಿದ್ದಾಗ, ಈಗ್ಗೆ ಸುಮಾರು 12,000 ವರ್ಷಗಳ ಹಿಂದೆ, ಹವೆ ಹಠಾತ್ತಾಗಿ ಮತ್ತೆ ತಣ್ಣಗಾಯಿತು. ಹಿಂಜರಿತ ಶತಮಾನಗಳ ಕಾಲ ನಿಂತಿತು. ಹಿಮದಂಚು ಒಂದೇ ಕಡೆ ನಿಂತು, ಬೇಸಗೆಯಲ್ಲಿ ಕರಗಿದ ನೀರು ಹೊತ್ತು ತಂದ ಮರಳನ್ನೂ ಜಲ್ಲಿಯನ್ನೂ ಆ ಅಂಚಿನ ಮುಂದೆಯೇ ಸುರಿಯುತ್ತಲಿದ್ದಿತು. ಹಾಗೆ ಎದ್ದ ದಿಣ್ಣೆಗಳ ಸಾಲಿಗೆ ಸಾಲ್ಪೌಸ್‌ಸೆಲ್ಕಾ ಎಂದು ಹೆಸರು. ‘ತಡೆಯೊಡ್ಡುವ ದಿಣ್ಣೆ’ ಎಂದು ಸ್ಥೂಲವಾಗಿ ಅರ್ಥ. ದಕ್ಷಿಣ ಫಿನ್ಲೆಂಡಿನ ಉದ್ದಕ್ಕೂ ಬಿಲ್ಲಿನಂತೆ ಬಾಗಿ ಇದು 500 ಕಿಲೋಮೀಟರುಗಳಿಗೂ ಹೆಚ್ಚು ದೂರ ಹಬ್ಬಿದೆ. ಲಪ್ಪೇನ್ರಾಂತಾ ಪಟ್ಟಣ ಕುಳಿತಿರುವುದು ಇದರ ಮೇಲೆಯೇ. ಉತ್ತರಕ್ಕೆ ನಿಂತ ನೀರು, ದಕ್ಷಿಣಕ್ಕೆ ತಗ್ಗಿನ ಹೊಲಗದ್ದೆ: ನಮ್ಮ ಕಡೆಯವನೊಬ್ಬನು ಆ ದಿಣ್ಣೆಯ ಮೇಲೆ ನಿಂತರೆ ತಾನು ಏರಿಯ ಮೇಲಿರುವೆನೆಂದು ಯಾರೂ ಹೇಳದೆಯೇ ತಿಳಿದುಕೊಂಡಾನು.

ಇನ್ನೊಂದು ಬಗೆಯ ದಿಣ್ಣೆಯನ್ನು ಸಾವೊನ್ಲಿನ್ನಾದ ಆಗ್ನೇಯಕ್ಕಿರುವ ಪುಂಕಹಾರ್ಯುವಿನಲ್ಲಿ ಕಾಣಬಹುದು. ಎರಡು ಜಲರಾಶಿಗಳ ನಡುವೆ ಏಳು ಕಿಲೋಮೀಟರು ಉದ್ದಕ್ಕೆ ಹಾವಿನಂತೆ ಹರಿದಿರುವ ಈ ಮರಳುದಿಣ್ಣೆ ಕೆಲವೆಡೆಗಳಲ್ಲಿ ಒಂದು ರಸ್ತೆಗೆ ಸಾಲುವಷ್ಟು ಮಾತ್ರ ಅಗಲವಾಗಿದೆ. ಇದು ಎಸ್ಕರ್. ಹಿಮದ ತಳದಲ್ಲಿ ಸುರಂಗ ಕೊರೆದುಕೊಂಡು ಹರಿಯುತ್ತಿದ್ದ ನದಿಯು ಆ ಸುರಂಗದೊಳಗೇ ತನ್ನ ಮರಳನ್ನು ಇಳಿಸಿತು. ಹಿಮದ ಗೋಡೆಗಳು ಕರಗಿದ ಮೇಲೆ ನದಿಯ ತಳವು ದಿಣ್ಣೆಯಾಗಿ ಉಳಿಯಿತು. ನದಿ ಹರಿದ ಕಡೆ ಹಳ್ಳವಿರುವುದು ಲೋಕನಿಯಮ. ಇಲ್ಲಿ ನದಿ ಹರಿದ ಕಡೆ ಏರಿದೆ! ಫಿನ್ಲೆಂಡ್ ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದಾಗ, 1840ರ ದಶಕದಲ್ಲಿಯೇ, ಈ ದಿಣ್ಣೆಯ ಪೈನ್ ಕಾಡಿಗೆ ಸರ್ಕಾರದ ರಕ್ಷಣೆ ದೊರೆಯಿತು.

ಮೇಲೇಳುವ ನೆಲ, ಓರೆಯಾಗುವ ಕೆರೆ

ಮೂರು ಕಿಲೋಮೀಟರು ದಪ್ಪದ ಹಿಮದ ಭಾರ ಎಷ್ಟಿರಬಹುದು? ಹಿಮದ ಸಾಂದ್ರತೆ ಶಿಲೆಯದರ ಸುಮಾರು ಮೂರನೆಯ ಒಂದು ಪಾಲು. ಆದ್ದರಿಂದ ಅದು ಒಂದು ಕಿಲೋಮೀಟರು ದಪ್ಪದ ಕಲ್ಲನ್ನು ಹೇರಿದಂತೆ. ಭೂಮಿಯ ತೊಗಟೆ ಆ ಭಾರಕ್ಕೆ ನೂರಾರು ಮೀಟರು ಕುಸಿಯಿತು. ಅದರ ಕೆಳಗಿನ ಮ್ಯಾಂಟಲ್ ಶಿಲೆ ಅತ್ಯಂತ ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಹತ್ತಿಯ ಹಾಸಿಗೆಯ ಮೇಲೆ ಬಹುಹೊತ್ತು ಕುಳಿತು ಎದ್ದರೆ ತಗ್ಗು ಕೂಡಲೇ ತುಂಬುವುದಿಲ್ಲ. ಭೂಮಿಯ ಹಾಸಿಗೆಯಾದರೋ ಹತ್ತು ಸಾವಿರ ವರ್ಷಗಳಾದರೂ ಇನ್ನೂ ಮೇಲೇಳುತ್ತಲೇ ಇದೆ.

ಇದನ್ನು ಮೊದಲು ಗಮನಿಸಿದವರು ಕಡಲ ತೀರದ ಬೆಸ್ತರು. ದೋಣಿ ನಿಲ್ಲಿಸುತ್ತಿದ್ದ ತಾವು ಮೊಮ್ಮಕ್ಕಳ ಕಾಲಕ್ಕೆ ಹುಲ್ಲುಗಾವಲಾಗುತ್ತಿತ್ತು. ಉಲ್ವಿಲಾ ಎಂಬ ಊರಿನ ಬಂದರು ಆಳ ಕಳೆದುಕೊಂಡುದರಿಂದ 1558ರಲ್ಲಿ ಕಡಲಿನ ಕಡೆಗೆ ಸರಿದು ಪೋರಿ ಎಂಬ ಹೊಸ ಪಟ್ಟಣವನ್ನು ಸ್ಥಾಪಿಸಬೇಕಾಯಿತು. ಉಷ್ಣಮಾಪಕದ ಅಂಶಗಳ ಮೂಲಕ ನಿಮಗೆಲ್ಲ ಪರಿಚಿತನಾದ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಸ್ವೀಡನ್ನಿನ ತೀರದ ಬಂಡೆಯೊಂದರ ಮೇಲೆ ನೀರಿನ ಮಟ್ಟವನ್ನು ಗುರುತು ಮಾಡಿಸಿದನು. ಆ ಗುರುತು ಈಗ ನೀರಿನಿಂದ ಬಹಳ ಮೇಲಿದೆ. ಕಡಲು ಬತ್ತುತ್ತಿದೆಯೆಂಬುದು ಸೆಲ್ಸಿಯಸನ ಊಹೆ. ಬತ್ತುತ್ತಿದ್ದುದು ಕಡಲಲ್ಲ, ಏಳುತ್ತಿದ್ದುದು ನೆಲ. ಬಾತ್ನಿಯಾ ಕೊಲ್ಲಿಯ ತೀರದಲ್ಲಿ ನೆಲವು ಇಂದು ವರ್ಷಕ್ಕೆ 8–9 ಮಿಲಿಮೀಟರುಗಳಷ್ಟು ಏಳುತ್ತಿದೆ. ಇದರಿಂದ ಫಿನ್ಲೆಂಡಿಗೆ ಪ್ರತಿವರ್ಷವೂ ಸುಮಾರು ಏಳು ಚದರ ಕಿಲೋಮೀಟರು ಹೊಸ ನೆಲ ದೊರೆಯುತ್ತದೆ. ಯುದ್ಧವಿಲ್ಲದೆ ರಾಜ್ಯ ವಿಸ್ತರಿಸುವ ಭಾಗ್ಯ ಎಲ್ಲ ದೇಶಗಳಿಗೂ ಇಲ್ಲ.

ಹಿಮ ಎಲ್ಲಿ ಹೆಚ್ಚು ದಪ್ಪವಾಗಿತ್ತೋ ಅಲ್ಲಿ ನೆಲ ಬೇಗ ಏಳುತ್ತದೆ. ವಾಯವ್ಯದಲ್ಲಿ ಏಳುವ ವೇಗದ ಸುಮಾರು ಮೂರನೆಯ ಒಂದು ಪಾಲಿನಷ್ಟು ಮಾತ್ರ ಆಗ್ನೇಯದಲ್ಲಿದೆ. ಎಂದರೆ ಇಡೀ ದೇಶ ಒಂದು ಪಕ್ಕಕ್ಕೆ ಓರೆಯಾಗುತ್ತಿರುವ ಪರಾತದಂತಿದೆ. ಒಂದು ಸರೋವರದ ಎರಡು ತುದಿಗಳ ನಡುವೆ ವರ್ಷಕ್ಕೆ ಒಂದೇ ಮಿಲಿಮೀಟರು ವ್ಯತ್ಯಾಸವಿದ್ದರೂ 5,000 ವರ್ಷಗಳಲ್ಲಿ ಅದು ಐದು ಮೀಟರಾಗುತ್ತದೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು. ಪರಾತದಲ್ಲಿ ನೀರಿದ್ದರೆ ಅದು ಎತ್ತ ಬಾಗುತ್ತದೆಯೋ ಅತ್ತ ತುಳುಕಲೇಬೇಕು.

ಸೈಮಾದ ಚರಿತ್ರೆಯಲ್ಲಿ ನಡೆದುದು ಇದೇ. ಆದಿಯಲ್ಲಿ ಅದರ ಕೋಡಿ ವಾಯವ್ಯದಲ್ಲಿದ್ದಿತು; ನೀರು ಬಾತ್ನಿಯಾ ಕೊಲ್ಲಿಗೆ ಹೋಗುತ್ತಿದ್ದಿತು. ನೆಲ ಏಳುತ್ತ ಬಂದಂತೆ ಆ ಕೋಡಿ ಎತ್ತರವಾಯಿತು. ನೀರಿಗೆ ಹೊರದಾರಿ ಕಿರಿದಾಗಿ ಸರೋವರ ದಕ್ಷಿಣದಲ್ಲಿ ಉಬ್ಬುತ್ತ ದಡದ ಕಾಡುಗಳನ್ನು ಮುಳುಗಿಸಿತು. ದಕ್ಷಿಣದಂಚಿನ ತಗ್ಗುಗಳಲ್ಲಿ ತಾತ್ಕಾಲಿಕವಾದ ಹೊರದಾರಿಗಳಾದುವಾದರೂ ಅವು ಸಾಲಲಿಲ್ಲ. ಕೊನೆಗೆ ಈಗ್ಗೆ ಆರು ಸಾವಿರ ವರ್ಷಗಳ ಆಸುಪಾಸಿನಲ್ಲಿ ನೀರು ಇಮಾತ್ರಾ ಎಂಬ ಸ್ಥಳದಲ್ಲಿ ಸಾಲ್ಪೌಸ್‌ಸೆಲ್ಕಾ ದಿಣ್ಣೆಯನ್ನು ಹತ್ತಿ ಹರಿಯಿತು. ಕೆರೆಯ ಏರಿಯ ಮೇಲೆ ನೀರು ಹತ್ತಿದರೆ ಏನಾಗುವುದೆಂದು ನಮ್ಮ ರೈತನನ್ನು ಕೇಳಬೇಕು. ಮರಳಿನ ಏರಿ ಒಡೆಯಿತು. ಮಹಾಪೂರವೊಂದು ಆಗ್ನೇಯಕ್ಕೆ ನುಗ್ಗಿ ಲಾದೋಗಾ ಸರೋವರವನ್ನು ಸೇರಿತು. ಸೈಮಾದ ಮಟ್ಟ ಕೆಲವು ಮೀಟರುಗಳಷ್ಟು ಇಳಿದು ವಿಶಾಲವಾದ ಹೊಸ ದಡ ಬಯಲಾಯಿತು. ಹೀಗೆ ಹುಟ್ಟಿದ ನದಿಯೇ ವುವೊಕ್ಸಿ. ಸೆಕೆಂಡಿಗೆ ಸರಾಸರಿ 600 ಘನಮೀಟರು ನೀರನ್ನು ಅದು ಇಂದಿಗೂ ಒಯ್ಯುತ್ತಿದೆ. ಇಮಾತ್ರಾದ ಭೋರ್ಗರೆಯುವ ಪ್ರವಾಹವನ್ನು ನೋಡಲು ರಷ್ಯದ ಚಕ್ರವರ್ತಿನಿ ಎರಡನೆಯ ಕ್ಯಾಥರೀನ್ 1772ರಲ್ಲಿ ಬಂದಿದ್ದಳು. 1929ರಲ್ಲಿ ವಿದ್ಯುದಾಗಾರವಾದ ಮೇಲೆ ಬಂಡೆಗಳ ಕಮರಿ ಸಾಮಾನ್ಯವಾಗಿ ಒಣಗಿರುತ್ತದೆ. ಬೇಸಗೆಯಲ್ಲಿ ನಿಗದಿಯಾದ ವೇಳೆಗೆ ಬಾಗಿಲು ತೆರೆದು ಪ್ರೇಕ್ಷಕರಿಗಾಗಿ ಸ್ವಲ್ಪ ಹೊತ್ತು ಹರಿಸುತ್ತಾರೆ.

ಈ ಚರಿತ್ರೆಗೆ ಮನುಷ್ಯರ ಸಾಕ್ಷ್ಯವೂ ಇರುವುದು ಸ್ವಾರಸ್ಯದ ಸಂಗತಿ. ಪಶ್ಚಿಮ ಸೈಮಾದ ಆಸ್ತುವನ್ಸಾಲ್ಮಿ ಎಂಬಲ್ಲಿ ನೀರಿನಿಂದ ನೆಟ್ಟಗೆ ಎದ್ದ ಬಂಡೆಯ ಮೇಲೆ ಕೆಮ್ಮಣ್ಣಿನಿಂದ ಬರೆದ ಎಲ್ಕ್ ಜಿಂಕೆಗಳು, ದೋಣಿಗಳು, ಮನುಷ್ಯರು ಇವುಗಳ ಚಿತ್ರಗಳನ್ನು 1968ರಲ್ಲಿ ಪತ್ತೆಹಚ್ಚಿದರು. ಚಿತ್ರಗಳು ಇಂದಿನ ನೀರಿನಿಂದ ಹಲವು ಮೀಟರು ಮೇಲಿವೆ. ಏಣಿ ಹಾಕಿ ಬರೆದುದಲ್ಲ. ದೋಣಿಯಲ್ಲೋ ಹೆಪ್ಪುಗಟ್ಟಿದ ನೀರಿನ ಮೇಲೋ ನಿಂತು ಬರೆದುದು. ಯಾವ ಶತಮಾನದಲ್ಲಿ ಸರೋವರದ ಮಟ್ಟ ಎಷ್ಟಿತ್ತೆಂಬುದು ಗೊತ್ತಿರುವುದರಿಂದ ಚಿತ್ರದ ಎತ್ತರವೇ ಅದರ ಕಾಲವನ್ನು ಹೇಳುತ್ತದೆ. ಐದು ಸಾವಿರ ವರ್ಷಗಳ ಹಿಂದಿನ ಕಲಾವಿದನು ತಾರೀಖು ಹಾಕಲಿಲ್ಲ. ಏಳುತ್ತಿರುವ ನೆಲ ಹಾಕಿಕೊಟ್ಟಿತು.

ಸೆರೆಸಿಕ್ಕ ಸೀಲ್

ಏಳುವ ನೆಲವು ಬಾಗಿಲು ಮುಚ್ಚಿದಾಗ ಒಳಗೆ ಸಿಕ್ಕಿಬಿದ್ದ ಪ್ರಾಣಿಯೊಂದು ಸೈಮಾದಲ್ಲಿದೆ. ಸೀಲ್ ಕಡಲಿನ ಪ್ರಾಣಿ. ಹಿಮ ಕರಗಿದ ಕಾಲದಲ್ಲಿ ಈ ಪ್ರದೇಶದ ನೀರಿಗೂ ಇಂದಿನ ಬಾಲ್ಟಿಕ್ ಸಮುದ್ರದ ಸ್ಥಾನದಲ್ಲಿದ್ದ ನೀರಿಗೂ ಸಂಬಂಧವಿದ್ದಿತು. ಆಗ ಒಳಬಂದ ಉಂಗುರಮಚ್ಚೆಯ ಸೀಲುಗಳು ಸುಮಾರು ಹತ್ತು ಸಾವಿರ ವರ್ಷಗಳಿಂದ ಹೊರಗಿನ ಬಂಧುಗಳ ಮುಖ ನೋಡಿಲ್ಲ. ಉಪ್ಪುನೀರನ್ನು ಮರೆತು ಸಿಹಿನೀರಿನ ಮೀನನ್ನು ತಿಂದು ಅವು ಪ್ರತ್ಯೇಕ ವಂಶವೇ ಆಗಿವೆ. ಇವುಗಳ ವಂಶವು ಹಿಮ ಕರಗುವುದಕ್ಕಿಂತ ಬಹಳ ಹಿಂದೆಯೇ ಕವಲೊಡೆದಿತ್ತೆಂದು ಈಚಿನ ಜಿನೋಮ್ ಅಧ್ಯಯನಗಳು ಸೂಚಿಸಿವೆ. ಲೋಕದಲ್ಲಿ ಬೇರೆಲ್ಲಿಯೂ ಇವು ಇಲ್ಲ.

ಬೆಸ್ತರಿಗೆ ಈ ಪ್ರಾಣಿ ಬಲೆ ಹರಿಯುವ ಕಳ್ಳನಾಗಿ ಕಂಡಿತು. 1882ರಿಂದ 1948ರವರೆಗೆ ಕೊಂದವರಿಗೆ ಬಹುಮಾನ ಕೊಡಲಾಗುತ್ತಿದ್ದಿತು. 1955ರಲ್ಲಿ ಕಾನೂನಿನ ರಕ್ಷಣೆ ಬಂದಿತಾದರೂ ಬಲೆಗೆ ಸಿಕ್ಕಿ ಮರಿಗಳು ಸಾಯುವುದು ನಿಲ್ಲಲಿಲ್ಲ. ನೀರಿಗೆ ಸೇರಿದ ಪಾದರಸವೂ ಕೆಡುಕು ಮಾಡಿತು. 1980ರ ದಶಕದ ಹೊತ್ತಿಗೆ ಇನ್ನೂರಕ್ಕೂ ಕಡಿಮೆ ಸೀಲುಗಳುಳಿದಿದ್ದುವು. ಮರಿಗಳು ಈಜು ಕಲಿಯುವ ಏಪ್ರಿಲ್ 15ರಿಂದ ಜೂನ್ ಕೊನೆಯವರೆಗೆ ಅವುಗಳ ನೆಲೆಗಳಲ್ಲಿ ಬಲೆ ಬೀಸುವುದನ್ನು ನಿಷೇಧಿಸಿದುದರಿಂದ ಸಂಖ್ಯೆ ನಿಧಾನವಾಗಿ ಏರಿ ಈಚಿನ ಎಣಿಕೆಗಳಲ್ಲಿ ಐನೂರರ ಆಸುಪಾಸಿಗೆ ಬಂದಿದೆ.

ಈಗಿನ ಸಂಕಟ ಬೇರೆ. ಅದನ್ನು ತಿಳಿಯಲು ಚಳಿಗಾಲದ ಸೈಮಾವನ್ನು ಕಲ್ಪಿಸಿಕೊಳ್ಳಬೇಕು. ನೀರು 4 ಅಂಶ ಸೆಲ್ಸಿಯಸ್ ಉಷ್ಣತೆಯಲ್ಲಿ ಅತ್ಯಂತ ಸಾಂದ್ರವಾಗಿರುವುದರಿಂದ ಅದಕ್ಕಿಂತ ತಣ್ಣಗಾದ ನೀರು ಮೇಲೆಯೇ ನಿಂತು ಹೆಪ್ಪುಗಟ್ಟುತ್ತದೆ. ತಳದಲ್ಲಿ ಮೀನುಗಳು ಸುಖವಾಗಿರುತ್ತವೆ. ಸೀಲಿಗೆ ಆಹಾರಕ್ಕೆ ಕೊರತೆಯಿಲ್ಲ, ಉಸಿರಿಗೆ ಮಾತ್ರ ಕಷ್ಟ. ಅದು ಮುಂಗಾಲಿನ ಉಗುರುಗಳಿಂದ ಹೆಪ್ಪಿನಲ್ಲಿ ರಂಧ್ರಗಳನ್ನು ಕೆರೆದು ತೆರೆದಿಟ್ಟುಕೊಳ್ಳುತ್ತದೆ. ದ್ವೀಪಗಳ ಅಂಚಿನಲ್ಲಿ ಗಾಳಿ ತಂದು ರಾಶಿಹಾಕಿದ ಹಿಮದ ದಿಬ್ಬವಿದ್ದರೆ ತಾಯಿ ಕೆಳಗಿನಿಂದ ಹತ್ತಿ ಅದರೊಳಗೆ ಗುಹೆ ತೋಡುತ್ತದೆ. ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ನಾಲ್ಕೈದು ಕಿಲೋಗ್ರಾಮು ತೂಕದ ಒಂದೇ ಮರಿ ಆ ಗುಹೆಯಲ್ಲಿ ಹುಟ್ಟುತ್ತದೆ. ಹೊರಗೆ ಸೊನ್ನೆಗಿಂತ 20 ಅಂಶ ಕೆಳಗಿನ ಚಳಿಯಿದ್ದರೂ ಹಿಮದ ಗೋಡೆಯೊಳಗೆ ಮರಿ ಬೆಚ್ಚಗಿರುತ್ತದೆ, ನರಿಗೂ ಕಾಣುವುದಿಲ್ಲ. ಹಿಮ ಬೀಳದಿದ್ದರೆ ಗುಹೆಯಿಲ್ಲ. ಬರಿಯ ಹೆಪ್ಪಿನ ಮೇಲೆ ಹುಟ್ಟಿದ ಮರಿಗೆ ಚಳಿಯೂ ನರಿಯೂ ಒಟ್ಟಿಗೇ ಎದುರಾಗುತ್ತವೆ.

ಹತ್ತು ಸಾವಿರ ವರ್ಷ ಸೀಲು ಲೆಕ್ಕವಿಟ್ಟುಕೊಂಡಿದ್ದುದು ಪ್ರತಿವರ್ಷವೂ ತಪ್ಪದೆ ಬರುವ ಈ ಹಿಮವನ್ನು. ಭೂಮಿಯ ವಾಯುಮಂಡಲ ಬೆಚ್ಚಗಾಗುತ್ತ ಹಿಮ ಕಡಿಮೆ ಬೀಳುವ ಚಳಿಗಾಲಗಳು ಹೆಚ್ಚಾಗಿವೆ. ಕಡಲಿನ ಸೀಲುಗಳು ಉತ್ತರಕ್ಕೆ ಸರಿಯಬಲ್ಲವು. ಸೈಮಾದ ಸೀಲಿಗೆ ಸರಿಯಲು ಉತ್ತರವೇ ಇಲ್ಲ. 2014ರ ಹಿಮವಿರಳವಾದ ಚಳಿಗಾಲದಲ್ಲಿ ಅಲ್ಲಿನ ಸಂಶೋಧಕರೂ ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಸಲಿಕೆಗಳನ್ನು ಹಿಡಿದು ಹೆಪ್ಪಿನ ಮೇಲೆ ಹೊರಟರು. ಬಿದ್ದಿದ್ದ ತೆಳು ಹಿಮವನ್ನೆಲ್ಲ ದ್ವೀಪಗಳ ಅಂಚಿಗೆ ಗೋರಿ ರಾಶಿ ಮಾಡಿ ಕೈಯಿಂದಲೇ ದಿಬ್ಬಗಳನ್ನು ಒಟ್ಟಿದರು. ತಾಯಿ ಸೀಲುಗಳು ಅವುಗಳನ್ನು ಒಪ್ಪಿಕೊಂಡು ಒಳಗೆ ಮರಿ ಹಾಕಿದುವು. ಅಂದಿನಿಂದ ಹಿಮ ಸಾಲದ ಚಳಿಗಾಲಗಳಲ್ಲಿ ಈ ಮಣ್ಣಿಲ್ಲದ ಏರಿ ಕಟ್ಟುವ ಕೆಲಸ ನಡೆದುಕೊಂಡು ಬಂದಿದೆ. ಹಿಮವೇ ಇಲ್ಲದ ವರ್ಷಕ್ಕೆಂದು ಕೃತಕ ಗೂಡುಗಳನ್ನೂ ಮಾಡಿ ನೋಡುತ್ತಿದ್ದಾರೆ.

ಏಪ್ರಿಲ್ ಕೊನೆಗೆ ಹೆಪ್ಪು ಒಡೆಯುತ್ತದೆ, ದಿಬ್ಬಗಳು ಕುಸಿಯುತ್ತವೆ. ಎಣಿಕೆಯವರು ದಡದುದ್ದಕ್ಕೂ ಸಾಗಿ ಹುಟ್ಟಿದ ಮರಿಗಳ ಗುರುತುಗಳನ್ನು ಹುಡುಕುತ್ತಾರೆ. ಮೇ ತಿಂಗಳ ಬಿಸಿಲಿಗೆ ಸೀಲುಗಳು ನೀರಿನಂಚಿನ ಬಂಡೆಗಳ ಮೇಲೆ ಬಂದು ಮಲಗಿ ಹಳೆಯ ಕೂದಲನ್ನು ಉದುರಿಸುತ್ತವೆ. ಒಂದರ ಮೈಮೇಲಿನ ಉಂಗುರಗಳ ವಿನ್ಯಾಸ ಇನ್ನೊಂದಕ್ಕಿಲ್ಲ. ಬೆರಳಚ್ಚಿನಂತೆ ಅದು ಹುಟ್ಟಿನಿಂದ ಸಾವಿನವರೆಗೆ ಬದಲಾಗದು. ಆಗ ದೂರದಿಂದ ತೆಗೆದ ಚಿತ್ರಗಳನ್ನು ಹಿಂದಿನ ವರ್ಷದವುಗಳೊಡನೆ ಹೋಲಿಸಿ, ಯಾವ ಸೀಲು ಚಳಿಗಾಲವನ್ನು ದಾಟಿ ಬಂದಿದೆ, ಯಾವುದು ಬಂದಿಲ್ಲವೆಂದು ಒಂದೊಂದಾಗಿ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ.